ಚೀಲದ ಚೀಟಿ, ಅಡಕತ್ತರಿಯ ಸಾಕ್ಷಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಕೆಗೆ 2019ರಲ್ಲಿ ‘ಶಿರಸಿ ಸುಪಾರಿ’ ಎಂಬ ಭೌಗೋಳಿಕ ಗುರುತು ಸಿಕ್ಕಿತು. ಹಾಗಂತ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಕೆ, ಕೊಳ್ಳುವವರು ಚೀಲದ ಮೇಲಿನ ಹೆಸರು ಓದಿ ದರ ಹಾಕುವುದಿಲ್ಲ, ಒಂದೆರಡನ್ನು ಅಡಕತ್ತರಿಗೆ ಕೊಟ್ಟು ಒಳಗಿನ ಬಣ್ಣ ನೋಡುತ್ತಾರೆ. ಲಿನಕ್ಸ್ ಕರ್ನಲ್‌ನಲ್ಲಿ ಇಂಥದೊಂದು ಸಿಸ್ಟಂ ಕಾಲ್ (ಪ್ರೋಗ್ರಾಂ ಕರ್ನಲ್‌ನಿಂದ ಕೆಲಸ ಕೇಳುವ ಕರೆ) ಇದೆಯೇ ಎಂದು ತಿಳಿಯಬೇಕಾದವರಿಗೆ ಈ ಬುದ್ಧಿ ಬೇಗ ಹೊಳೆಯುವುದಿಲ್ಲ. ‘ಯುನೇಮ್’ ಆಜ್ಞೆ ಹೇಳಿದ ಕರ್ನಲ್ ಆವೃತ್ತಿ ನೋಡಿ ತೀರ್ಪು ಕೊಟ್ಟುಬಿಡುತ್ತಾರೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7ರ ಕರ್ನಲ್ ಕೊನೆತನಕ ತಾನು 3.10 ಎಂದೇ ಹೇಳಿಕೊಂಡಿತು, ಆದರೆ ಅದರ ಹೊಟ್ಟೆಯೊಳಗೆ ಹೊಸ ಆವೃತ್ತಿಗಳ ಎಷ್ಟೋ ಸೌಲಭ್ಯ ಸೇರಿಕೊಂಡಿದ್ದವು. ಹೆಡರ್ ಕಡತ ನೋಡುವುದೂ ಅಷ್ಟೇ: ಅದು ಕಂಪೈಲ್ ಮಾಡಿದ ಯಂತ್ರದ ಸುದ್ದಿ, ಪ್ರೋಗ್ರಾಂ ಓಡುವ ಯಂತ್ರದ್ದಲ್ಲ.

ಕರ್ನಲ್ಲನ್ನು ಒಡೆದು ನೋಡುವುದೆಂದರೆ ಕಾಲನ್ನು ಬೇಕೆಂದೇ ತಪ್ಪಾಗಿ ಕರೆಯುವುದು. 2016ರಲ್ಲಿ 4.5ನೇ ಆವೃತ್ತಿಯೊಂದಿಗೆ ಬಂದ, ಕಡತ ನಕಲಿಸುವ ‘ಕಾಪಿ_ಫೈಲ್_ರೇಂಜ್’ ತೆಗೆದುಕೊಳ್ಳಿ. ಕಡತದ ಸಂಖ್ಯೆಯ ಜಾಗದಲ್ಲಿ -1 ಕೊಟ್ಟು ಕರೆದರೆ, ಆ ಕಾಲ್ ಇರುವ ಕರ್ನಲ್ ‘ಇಬ್ಯಾಡ್‌ಎಫ್’ ಎನ್ನುತ್ತದೆ, ಅಂದರೆ ಕಡತ ಸರಿಯಿಲ್ಲ. ಇಲ್ಲದ್ದು ‘ಇನೋಸಿಸ್’ ಎನ್ನುತ್ತದೆ, ಅಂದರೆ ಇಂಥ ಕಾಲೇ ತನಗೆ ಗೊತ್ತಿಲ್ಲ. ಸರಿಯಾಗಿ ಕರೆದರೆ ಕೆಲಸವೇ ನಡೆದುಹೋಗುತ್ತದೆ. ತಪ್ಪಾಗಿ ಕರೆದರೆ ಬೈಗುಳ ಮಾತ್ರ ಸಿಗುತ್ತದೆ, ಆ ಬೈಗುಳದ ಬಗೆಯಲ್ಲೇ ಉತ್ತರವಿದೆ. (‘ಸಿಂಕ್’ ಎಂಬ ಕಾಲ್‌ಗೆ ತಪ್ಪು ಕೊಡೋಣವೆಂದರೆ ಅದು ಏನನ್ನೂ ಕೇಳುವುದೇ ಇಲ್ಲ. ಅಷ್ಟು ಹಳೆಯದನ್ನು ಇದೆಯೇ ಎಂದು ಪರೀಕ್ಷಿಸುವವರೂ ಇಲ್ಲ ಬಿಡಿ.)

ಕರ್ನಲ್ ಬಾಗಿಲಲ್ಲೇ ಕಾವಲಿದ್ದರೆ ಉತ್ತರ ಸುಳ್ಳಾಗದೇ ಎಂದು ಕೇಳಬಹುದು. ಆಗುತ್ತದೆ, ಆಗಿದೆ ಕೂಡ. 2021ರಲ್ಲಿ ಬಂದ ಸಿ ಭಾಷೆಯ ಲೈಬ್ರರಿ ಜಿಲಿಬ್‌ಸಿ 2.34 ಹೊಸ ಥ್ರೆಡ್‌ಗೆ ಮೊದಲು ‘ಕ್ಲೋನ್3’ ಕರೆಯುತ್ತಿತ್ತು, ‘ಇನೋಸಿಸ್’ ಬಂದರೆ ಮಾತ್ರ ಹಳೆಯ ‘ಕ್ಲೋನ್’ಗೆ ಇಳಿಯುತ್ತಿತ್ತು. ಕಂಟೇನರ್ ಓಡಿಸುವ ಹಳೆಯ ಡಾಕರ್‌ನ ‘ಸೆಕ್‌ಕಾಂಪ್’ ಜರಡಿಯೋ ತನಗೆ ತಿಳಿಯದ ಕಾಲ್‌ಗೆ ‘ಇಪರ್ಮ್’, ಅಂದರೆ ಅನುಮತಿಯಿಲ್ಲ, ಎಂದಿತು. ಥ್ರೆಡ್ ಹುಟ್ಟಲೇ ಇಲ್ಲ. ಇಲ್ಲಿ ಕೇಳಿದ್ದು ತಪ್ಪಲ್ಲ, ಕಾವಲಿನವ ಹೇಳಿದ್ದು ತಪ್ಪು. ಮುಂದೆ ತಿದ್ದಿದ್ದೂ ಆ ಜರಡಿಯ ಉತ್ತರವನ್ನೇ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಗೋ ಭಾಷೆಯವರದು. ‘ಕಾಪಿ_ಫೈಲ್_ರೇಂಜ್’ ಇದ್ದರೂ 5.3ಕ್ಕಿಂತ ಹಿಂದಿನ ಕರ್ನಲ್‌ಗಳಲ್ಲಿ ಅದು ಹುಳುಕು ಎಂದು ಕಂಡು ಅವರು ಆವೃತ್ತಿಯನ್ನೇ ನೋಡತೊಡಗಿದರು. ಒಪ್ಪಬೇಕಾದ ಮಾತೇ. -1 ಕೊಟ್ಟು ಕರೆದರೆ ಕಾಲ್ ಇದೆಯೆಂದು ತಿಳಿಯುತ್ತದೆ, ಅದು ಕಡತವನ್ನು ನೆಟ್ಟಗೆ ನಕಲಿಸುತ್ತದೆಯೇ ಎಂದು ತಿಳಿಯುವುದಿಲ್ಲ. ಆದರೆ ಅದೇ ಹುಳುಕನ್ನು ಹಳೆಯ ಸಂಖ್ಯೆಯಡಿಯಲ್ಲೇ ಯಾರಾದರೂ ರಿಪೇರಿ ಮಾಡಿಟ್ಟಿದ್ದರೆ, ಸಂಖ್ಯೆ ನೋಡುವ ಪ್ರೋಗ್ರಾಂ ಒಳ್ಳೆಯ ಚಾಲಿಯನ್ನೂ ಚೀಟಿ ಓದಿ ವಾಪಸು ಕಳಿಸುತ್ತದೆ.