ತೆಂಗಿನ ತೋಟದಲ್ಲಿ 102.6

ತಿಪಟೂರಿನ ಅಂಗಡಿ ಬೀದಿಯಲ್ಲಿ ‘ಸ್ಕ್ಯಾನರ್ ಎಲ್ಲಿದೆ?’ ಎಂದು ಕೇಳಿದರೆ ಗಲ್ಲಾಪೆಟ್ಟಿಗೆಯ ಪಕ್ಕ ಅಂಟಿಸಿದ ಕ್ಯೂಆರ್ ಚೀಟಿಯ ಕಡೆ ಕೈ ತೋರಿಸುತ್ತಾರೆ. ಇಲ್ಲಿ ಹೇಳಹೊರಟಿರುವ ಸ್ಕ್ಯಾನರ್ ಬೇರೆ. ಅಂಗೈಯಲ್ಲಿ ಹಿಡಿಯುವಷ್ಟೇ ದೊಡ್ಡದಾದ ಈ ರೇಡಿಯೊ ಒಂದು ತರಂಗಾಂತರದಿಂದ ಇನ್ನೊಂದಕ್ಕೆ ತಾನೇ ಹಾರುತ್ತ, ಎಲ್ಲಿ ಮಾತು ಕೇಳಿಸಿತೋ ಅಲ್ಲಿ ನಿಲ್ಲುತ್ತದೆ. ಜಪಾನಿನ ಐಕಾಮ್ ಕಂಪನಿಯ ಐಸಿ-ಆರ್6 ಈ ಜಾತಿಯದು. ಚೀನಾದ ಬಾವೊಫೆಂಗ್ ಯುವಿ-5ಆರ್ ಅಸಲಿಗೆ ವಾಕಿಟಾಕಿಯಾದರೂ ಸ್ಕ್ಯಾನರ್ ಕೆಲಸಕ್ಕೂ ಅದನ್ನೇ ಬಳಸುವವರುಂಟು. ಟೆಕ್ಸನ್ ಪಿಎಲ್-310ಇಟಿಯಂಥ ಸಣ್ಣ ರೇಡಿಯೊಗಳೂ ಗುಂಡಿ ಒತ್ತಿದರೆ ಸ್ಟೇಷನ್‌ಗಳನ್ನು ತಾವೇ ಹುಡುಕಿ ಇಟ್ಟುಕೊಳ್ಳುತ್ತವೆ.

ಯಾವುದು ಚೆನ್ನಾಗಿ ಹಿಡಿಯುತ್ತದೆ ಎಂಬ ಪ್ರಶ್ನೆಗೆ ಸಿಗುವ ವಿಮರ್ಶೆಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಸೂಕ್ಷ್ಮತೆ ಇಷ್ಟು ಮೈಕ್ರೊವೋಲ್ಟ್, ಪರದೆಯ ಮೇಲೆ ಇಷ್ಟು ಗೀಟು, ಕೊನೆಗೆ ಐದರಲ್ಲಿ ನಾಲ್ಕು ನಕ್ಷತ್ರ. ಬಾವೊಫೆಂಗ್‌ನ ಕೈಪಿಡಿಯಲ್ಲಿ 0.2 ಮೈಕ್ರೊವೋಲ್ಟ್ ಎಂದಿದೆ. ಅದರ ಹಲವು ಪಟ್ಟು ಬೆಲೆಯ ಜಪಾನಿ ಸೆಟ್ಟುಗಳ ಕೈಪಿಡಿಯಲ್ಲೂ ಅದರ ಆಸುಪಾಸಿನ ಅಂಕಿಯೇ. ಪರೀಕ್ಷೆಯ ಮೇಜಿನ ಮೇಲೆ, ಹೊರಗಿನ ಗದ್ದಲವನ್ನೆಲ್ಲ ತಡೆದು ಅಳೆದ ಅಂಕಿ ಅದು. ತುರುವೇಕೆರೆ ತಾಲ್ಲೂಕಿನ ಸಂಪಿಗೆ ಎಂಬ ಊರಿನ ತೋಟದ ಮನೆಯಲ್ಲಿ ಅಂಥ ಮೇಜು ಯಾರಲ್ಲೂ ಇಲ್ಲ.

ಅಲ್ಲಿರುವುದು ಇನ್ನೂ ಕಠಿಣ ಪರೀಕ್ಷೆ. ಹಾಸನ ಆಕಾಶವಾಣಿ 102.2 ಮೆಗಾಹರ್ಟ್ಸ್‌ನಲ್ಲಿದೆ, ಚಿತ್ರದುರ್ಗ 102.6ರಲ್ಲಿ, ಬೆಂಗಳೂರಿನ ವಿವಿಧ ಭಾರತಿ 102.9ರಲ್ಲಿ. ಪಶ್ಚಿಮಕ್ಕೆ ಒಂದು, ಉತ್ತರಕ್ಕೆ ಒಂದು, ಪೂರ್ವಕ್ಕೆ ಒಂದು. ಮೂರೂ ದೂರದವು, ಮೂರೂ ಇಲ್ಲಿಗೆ ಬರುವಷ್ಟರಲ್ಲಿ ಬಡಕಲಾದ ಸಂಕೇತಗಳು. ಹಳೆಯ ರೇಡಿಯೊದ ಪಟ್ಟಿಯ ಮೇಲೆ ಈ ಮೂರಕ್ಕೂ ಸೇರಿ ಒಂದು ಬೆಂಕಿಕಡ್ಡಿಯ ದಪ್ಪದಷ್ಟು ಜಾಗವೂ ಇಲ್ಲ. ಮಾಳಿಗೆ ಹತ್ತಿದರೆ ಸಿಗುವ ಸ್ಟೇಷನ್ ಅಂಗಳಕ್ಕಿಳಿದರೆ ತಪ್ಪುತ್ತದೆ. ಕಿವಿ ಎಷ್ಟು ಚುರುಕು ಎನ್ನುವುದಕ್ಕಿಂತ ಪಕ್ಕದವರು ಕೂಗುತ್ತಿರುವಾಗ ಬೇಕಾದವರ ಮಾತನ್ನಷ್ಟೇ ಆರಿಸಿಕೊಳ್ಳುವ ಶಕ್ತಿ ಎಷ್ಟು ಎನ್ನುವುದೇ ಇಲ್ಲಿ ಮುಖ್ಯ.

ಅಗ್ಗದ, ಮುಳ್ಳು ತಿರುಗಿಸುವ ರೇಡಿಯೊಗಳು ಈ ಪರೀಕ್ಷೆಯಲ್ಲಿ ಒಂದು ತಮಾಷೆ ಮಾಡುತ್ತವೆ. ಸ್ಟೇಷನ್ ಜಾರದಿರಲೆಂದು ಅವುಗಳೊಳಗೆ ಒಂದು ಏರ್ಪಾಡಿರುತ್ತದೆ. ಪಕ್ಕದಲ್ಲಿ ಗಟ್ಟಿ ಸಂಕೇತ ಇದ್ದರೆ ಅದು ಸೆಟ್ಟನ್ನು ಅತ್ತಲೇ ಎಳೆದುಕೊಳ್ಳುತ್ತದೆ. ಮುಳ್ಳು ಚಿತ್ರದುರ್ಗದ ಮೇಲೆ, ದನಿ ಹಾಸನದ್ದು. ಕೇಳುಗ ಮುಳ್ಳನ್ನು ಕೂದಲೆಳೆಯಷ್ಟು ಸರಿಸುತ್ತಾನೆ, ವಿವಿಧ ಭಾರತಿಯ ಹಾಡು ನುಗ್ಗುತ್ತದೆ. ಟೆಕ್ಸನ್ ಪಿಎಲ್-310ಇಟಿಯ ಹೊಟ್ಟೆಯಲ್ಲಿರುವುದು ಸಿಲಿಕಾನ್ ಲ್ಯಾಬ್ಸ್ ಕಂಪನಿಯ ಎಸ್‌ಐ4734 ಎಂಬ ಚಿಪ್. ಸಂಕೇತವನ್ನು ಅಂಕಿಗಳಾಗಿಸಿ ಲೆಕ್ಕ ಹಾಕಿಯೇ ಸೋಸುವುದರಿಂದ 102.6 ಎಂದರೆ 102.6ರಲ್ಲೇ ನಿಲ್ಲುತ್ತದೆ. ಐಸಿ-ಆರ್6 ಕೂಡ ಎಫ್ಎಂ ಪ್ರಸಾರ ಹಿಡಿಯುತ್ತದೆ, ಆದರೆ ಅದು ಅದಕ್ಕೆ ಅಡ್ಡಕಸುಬು. 1300 ಚಾನೆಲ್‌ಗಳನ್ನು ನೆನಪಿಟ್ಟುಕೊಳ್ಳುವ ಸೆಟ್ಟು ಮೂರು ಸ್ಟೇಷನ್‌ಗಳ ಜಗಳ ಬಿಡಿಸಲು ಹುಟ್ಟಿದ್ದಲ್ಲ.

ಮೊಬೈಲ್ ಇದೆಯಲ್ಲ ಎನ್ನಬಹುದು. ಮೊಬೈಲಿನ ಎಫ್ಎಂಗೆ ಇಯರ್‌ಫೋನಿನ ತಂತಿಯೇ ಆಂಟೆನಾ. ಇಯರ್‌ಫೋನ್ ಸಿಕ್ಕಿಸುವ ತೂತೇ ಇಲ್ಲದ ಫೋನುಗಳು ಬಂದಮೇಲೆ ಆಂಟೆನಾವೂ ಹೋಯಿತು. ಎಫ್ಎಂ ಸೌಲಭ್ಯವನ್ನು ಕಿತ್ತುಹಾಕಬೇಡಿ ಎಂದು ಕೇಂದ್ರ ಸರ್ಕಾರ 2023ರಲ್ಲಿ ತಯಾರಕರಿಗೆ ಸಲಹೆ ಕೊಟ್ಟಿದ್ದುಂಟು.

ಮೀಡಿಯಂ ವೇವ್‌ಗೆ ಬಂದರೆ ಆಟವೇ ತಿರುವುಮುರುವು. ಬೆಂಗಳೂರು ಆಕಾಶವಾಣಿಯ 612 ಕಿಲೊಹರ್ಟ್ಸ್ ಅಲೆಯ ಉದ್ದ ಸುಮಾರು 490 ಮೀಟರ್. ಅಂಥ ಅಲೆಗೆ ಅರವತ್ತಡಿ ತೆಂಗಿನ ಮರ ಹುಲ್ಲುಕಡ್ಡಿಯಿದ್ದಂತೆ. ಈ ಅಲೆಯನ್ನು ಹಿಡಿಯುವುದು ಹೊರಗೆ ಎಳೆಯುವ ಆಂಟೆನಾ ಕಡ್ಡಿಯಲ್ಲ, ಸೆಟ್ಟಿನೊಳಗೆ ತಾಮ್ರದ ತಂತಿ ಸುತ್ತಿಕೊಂಡು ಮಲಗಿರುವ ಕಪ್ಪು ಫೆರೈಟ್ ದಂಡ. ದಂಡ ಉದ್ದವಾದಷ್ಟೂ ಫಸಲು ಹೆಚ್ಚು. ಚರ್ಮದ ಚೀಲ ಹೊದ್ದ ಹಳೆಯ ಫಿಲಿಪ್ಸ್, ಮರ್ಫಿ ಸೆಟ್ಟುಗಳಲ್ಲಿ ಅದು ಪೆಟ್ಟಿಗೆಯ ಅಗಲಕ್ಕೂ ಚಾಚಿರುತ್ತದೆ. ಐಸಿ-ಆರ್6ರಲ್ಲೂ ಒಂದಿದೆ, ಆದರೆ ಆ ಸೆಟ್ಟಿನ ಎತ್ತರವೇ ಒಂಬತ್ತು ಸೆಂಟಿಮೀಟರಿಗಿಂತ ಕಡಿಮೆ. ಒಳಗಿನ ದಂಡ ಎಷ್ಟಿದ್ದೀತು? ಕೃಷಿರಂಗ ಕೇಳುವವರು ಅಜ್ಜನ ಕಾಲದ ಸೆಟ್ಟಿನ ಧೂಳು ಕೊಡವಿ ಶೆಲ್ಲು ಹಾಕಿಕೊಳ್ಳುವುದೇ ಲೇಸು. ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಲೈಸೆನ್ಸ್ ಕಟ್ಟಿ ಕೇಳಿದ ಸೆಟ್ಟುಗಳವು. ಇದು ಹಳೆಯದರ ಮೇಲಿನ ಮೋಹದ ಮಾತಲ್ಲ, ಕಬ್ಬಿಣದ ಆಕ್ಸೈಡಿನ ಉದ್ದದ ಮಾತು.

ಆ ದಂಡಕ್ಕೆ ದಿಕ್ಕೂ ಇದೆ, ಹೋಲಿಕೆ ಮಾಡುವವರು ಎಡವುವುದು ಇಲ್ಲೇ. ದಂಡದ ತುದಿ ಸ್ಟೇಷನ್ನಿನ ಕಡೆಗಿದ್ದರೆ ದನಿ ಹೂತುಹೋಗುತ್ತದೆ, ಅಡ್ಡಲಾಗಿದ್ದರೆ ಎದ್ದು ಬರುತ್ತದೆ. ಸಂಪಿಗೆಗೆ ಬೆಂಗಳೂರು ಪೂರ್ವದಲ್ಲಿ, ತುಸು ದಕ್ಷಿಣಕ್ಕೆ ವಾಲಿದಂತೆ. ರೇಡಿಯೊದ ಮುಖ ಪೂರ್ವಕ್ಕೋ ಪಶ್ಚಿಮಕ್ಕೋ ಇದ್ದರೆ ಸರಿ. ಕೊಬ್ಬರಿ ಶೆಡ್ಡಿನ ಉತ್ತರದ ಗೋಡೆಯ ಮೊಳೆಗೆ ತೂಗುಹಾಕಿದ ಒಳ್ಳೆಯ ಸೆಟ್ಟು, ಪೂರ್ವದ ಗೋಡೆಗೆ ತೂಗುಹಾಕಿದ ಕೆಟ್ಟ ಸೆಟ್ಟಿನ ಮುಂದೆ ಸೋಲುವುದು ಹೀಗೆ. ಶೆಡ್ಡಿಗೆ ತಗಡಿನ ಹೊದಿಕೆ ಇದ್ದರೆ ಇಬ್ಬರಿಗೂ ಸೋಲು.

ಗದ್ದಲದ ವಿಷಯಕ್ಕೆ ಬಂದರೆ, ಸೆಟ್ಟುಗಳ ನಡುವಣ ವ್ಯತ್ಯಾಸಕ್ಕಿಂತ ಕರೆಂಟ್ ಇದ್ದಾಗ ಮತ್ತು ಇಲ್ಲದಾಗಿನ ವ್ಯತ್ಯಾಸವೇ ದೊಡ್ಡದು. ತ್ರೀ ಫೇಸ್ ಬಂದು ಬೋರ್‌ವೆಲ್ ಸ್ಟಾರ್ಟರ್ ‘ಟಕ್’ ಎಂದೊಡನೆ 612ರ ಮೇಲೆ ಒಂದು ಪೆಟ್ಟು. ಪಡಸಾಲೆಯಲ್ಲಿ ಅಗ್ಗದ ಎಲ್ಇಡಿ ಬಲ್ಬು ಹತ್ತಿದರೆ ನಿಲ್ಲದ ಗೊರಗೊರ. ಮೊಬೈಲ್ ಚಾರ್ಜರ್ ಇದಕ್ಕೆ ಸೋದರಸಂಬಂಧಿ. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಬಾನುಲಿ ಆರಂಭಿಸಿದಾಗ ಅವರ ಬಳಿ ಇದ್ದದ್ದು 30 ವಾಟಿನ ಪ್ರೇಷಕ. ಆ ಕಾಲದ ಹಳ್ಳಿಯ ಮನೆಯಲ್ಲಿ ಬಲ್ಬೂ ಇರಲಿಲ್ಲ, ಚಾರ್ಜರೂ ಇರಲಿಲ್ಲ. ಇಂದು ಬೆಂಗಳೂರಿನ 200 ಕಿಲೊವಾಟಿನ ಪ್ರೇಷಕ ತಲೆಯ ಮೇಲಿನ 9 ವಾಟಿನ ಬಲ್ಬಿಗೆ ಸೋಲುತ್ತಿದೆ. ಸಂಜೆ ಕರೆಂಟ್ ಹೋದಾಗ ಒಂದು ಸೆಟ್ಟನ್ನು, ಬಂದಮೇಲೆ ಇನ್ನೊಂದನ್ನು ಪರೀಕ್ಷಿಸಿ ಬರೆದ ತುಲನೆ ಓದುವ ಯೋಗ್ಯತೆಯದಲ್ಲ.

ಇನ್ನು ವಾಕಿಟಾಕಿ ಜಾತಿಯವು. ಭಾರತದಲ್ಲಿ ಇವನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. 446 ಮೆಗಾಹರ್ಟ್ಸ್‌ನ ಕಿರಿದಾದ ಪಟ್ಟಿಯ ಅಲ್ಪಶಕ್ತಿಯ ಸೆಟ್ಟುಗಳಿಗೆ ಮಾತ್ರ 2018ರಲ್ಲಿ ವಿನಾಯಿತಿ ಸಿಕ್ಕಿತು. ಪೊಲೀಸರ ಮಾತು ಕದ್ದು ಕೇಳುವ ಚಪಲದವರಿಗೆ ಈ ಬರಹದಲ್ಲಿ ಏನೂ ಇಲ್ಲ. ಪರವಾನಗಿ ಪಡೆದ ಹ್ಯಾಮ್ ಹವ್ಯಾಸಿಗಳ 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯಲ್ಲಿ ನೋಡಿದರೆ ಬಾವೊಫೆಂಗ್‌ಗೆ ಕೆಟ್ಟ ಹೆಸರು ಬಂದಿರುವುದು ನಿಜ. ರೇಡಿಯೊ ಕೆಲಸದ ಬಹುಪಾಲನ್ನು ಒಂದೇ ಚಿಪ್ ಮಾಡುವ, ಸಂಕೇತ ಒಳಬರುವ ಬಾಗಿಲಲ್ಲಿ ಸರಿಯಾದ ಜರಡಿ ಇಲ್ಲದ ಸೆಟ್ಟು ಅದು. ಬೆಂಗಳೂರಿನಂಥ ಊರಲ್ಲಿ ಎಫ್ಎಂ ಗೋಪುರಗಳ ಅಬ್ಬರಕ್ಕೆ ಕಿವುಡಾಗುತ್ತದೆ. ಬಾಗಿಲಲ್ಲೇ ಒಳ್ಳೆಯ ಜರಡಿ ಇರುವ ದುಬಾರಿ ಸೆಟ್ಟು ಅಲ್ಲಿ ಗೆಲ್ಲುವುದು ಸಹಜ. ಸಂಪಿಗೆಯಲ್ಲಿ ಆ ಅಬ್ಬರವೇ ಇಲ್ಲ. ಕಿವುಡಾಗಿಸುವವರಿಲ್ಲದ ಕಡೆ ಬಾವೊಫೆಂಗ್‌ನ ಕಿವಿ ನೆಟ್ಟಗೇ ಕೆಲಸ ಮಾಡುತ್ತದೆ, ಬೆಲೆಯ ಅಂತರಕ್ಕೆ ತಕ್ಕ ಅಂತರ ಕೇಳಿಸುವುದಿಲ್ಲ. ನಗರದಲ್ಲಿ ಕೊಟ್ಟ ತೀರ್ಪನ್ನು ಹಳ್ಳಿಯವರು ನಂಬಿ ದುಡ್ಡು ಸುರಿಯಬೇಕಿಲ್ಲ.

ದುಡ್ಡು ಸುರಿಯುವುದಿದ್ದರೆ ಆಂಟೆನಾಕ್ಕೆ, ಅದೂ ನೂರಿನ್ನೂರು ರೂಪಾಯಿ ಸಾಕು. 145 ಮೆಗಾಹರ್ಟ್ಸ್‌ಗೆ ಕಾಲು ಅಲೆಯೆಂದರೆ ಅರ್ಧ ಮೀಟರ್. ಸೆಟ್ಟಿನ ಜೊತೆ ಬರುವ ಗೇಣುದ್ದದ ರಬ್ಬರ್ ಕಡ್ಡಿ ಅದರ ಅರ್ಧದಷ್ಟೂ ಇಲ್ಲದ ರಾಜಿ. ಈ ಎರಡು ಮೀಟರ್ ಅಲೆಗೆ ತೆಂಗಿನ ಗರಿ ಹುಲ್ಲುಕಡ್ಡಿಯಲ್ಲ, ಅಡ್ಡಿಯೇ. ಮಳೆ ನೆನೆದ ತೋಟದಲ್ಲಿ ಸಂಕೇತ ಮತ್ತಷ್ಟು ಸೊರಗುತ್ತದೆ. ಎಫ್ಎಂಗೂ ಇದೇ ನ್ಯಾಯ. ಅಡಿಕೆ ದಬ್ಬೆಯ ಅಟ್ಟದ ಮೇಲೆ, ಒಣಗುವ ಕಾಯಿಗಳ ಪಕ್ಕದಲ್ಲಿ, ಮುಕ್ಕಾಲು ಮೀಟರ್ ತಾಮ್ರದ ತಂತಿಯನ್ನು ನೆಟ್ಟಗೆ ನಿಲ್ಲಿಸಿ ಸೆಟ್ಟಿನ ಕಡ್ಡಿಗೆ ಸುತ್ತಿದರೆ ಸಿಗುವ ಲಾಭ, ಸೆಟ್ಟು ಬದಲಾಯಿಸಿದರೂ ಸಿಗದೆ ಹೋಗಬಹುದು.

ಎಲ್ಲ ಸೆಟ್ಟಿಗೂ ಸಮಾನವಾದ ಸಂಕೇತ ಬೇಕೆಂದರೆ ಆಕಾಶವನ್ನೇ ಕೇಳಬೇಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ ರೇಡಿಯೊ 145.800 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತದೆ. ಸುಮಾರು 400 ಕಿಲೊಮೀಟರ್ ಎತ್ತರದಲ್ಲಿ ಹತ್ತು ನಿಮಿಷದೊಳಗೆ ದಾಟಿಹೋಗುವ ಅದಕ್ಕೆ ನೆತ್ತಿಯ ಮೇಲಿರುವಾಗ ಗುಡ್ಡವೂ ಅಡ್ಡವಿಲ್ಲ. ಎರಡು ಸೆಟ್ಟು ಪಕ್ಕಪಕ್ಕ ಹಿಡಿದು ಯಾವುದು ಮೊದಲು ಹಿಡಿಯಿತು, ಯಾವುದು ಕೊನೆಯವರೆಗೆ ಬಿಡಲಿಲ್ಲ ಎಂದು ಗಡಿಯಾರ ನೋಡಿ ಬರೆದರೆ ಅದು ವಿಮರ್ಶೆ. ನಿಲ್ದಾಣ ಪ್ರತಿ ಸುತ್ತಿನಲ್ಲೂ ಮಾತಾಡುವುದಿಲ್ಲ ಎಂಬುದೊಂದೇ ತೊಡಕು.

ಪರದೆಯ ಮೇಲಿನ ಗೀಟುಗಳನ್ನಂತೂ ನೆಚ್ಚುವಂತಿಲ್ಲ. ಒಂದು ಕಂಪನಿಯ ಮೂರು ಗೀಟು ಇನ್ನೊಂದರ ಐದು ಗೀಟು. ಕೆಲವು ಸೆಟ್ಟುಗಳಲ್ಲಿ ಒಂದರಿಂದ ತುಂಬುವವರೆಗಿನ ದೂರ ಕೆಲವೇ ಡೆಸಿಬೆಲ್. ಟೆಕ್ಸನ್ ಸಂಕೇತ ಎಷ್ಟು, ಅದು ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂದು ಎರಡು ಅಂಕಿ ಬೇರೆಬೇರೆ ತೋರಿಸುತ್ತದೆ. ಈ ಪ್ರಾಮಾಣಿಕತೆಗೆ ಒಂದು ಅಂಕ ಹೆಚ್ಚು ಕೊಡಬಹುದು. ಆದರೂ ಕೊನೆಗೆ ಬೇಕಿರುವುದು ಮಾತು ತಿಳಿಯಿತೋ ಇಲ್ಲವೋ ಎಂಬುದು. ಹಾಡಿನಲ್ಲಿ ಇದು ಗೊತ್ತಾಗುವುದಿಲ್ಲ, ಗೊತ್ತಿರುವ ಹಾಡನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ. ವಾರ್ತೆಯಲ್ಲೂ ಅರ್ಧ ಊಹೆ ನಡೆಯುತ್ತದೆ. ಧಾರಣೆಯ ಅಂಕಿಯಲ್ಲಿ ನಡೆಯುವುದಿಲ್ಲ. ಗೊರಗೊರದ ನಡುವೆ ‘ಹದಿಮೂರು’ ಮತ್ತು ‘ಹದಿನಾರು’ ಎರಡೂ ಒಂದೇ ಹಾಗೆ ಕೇಳುತ್ತವೆ. ಮೂರು ಜನರನ್ನು ಕೂರಿಸಿ, ಕೈಗೊಂದು ಚೀಟಿ ಕೊಟ್ಟು, ಕ್ವಿಂಟಲ್ ಕೊಬ್ಬರಿಗೆ ಹದಿಮೂರು ಸಾವಿರವೋ ಹದಿನಾರು ಸಾವಿರವೋ ಎಂದು ಬರೆಸಬೇಕು. ಮೂರು ಚೀಟಿಯಲ್ಲೂ ಒಂದೇ ಅಂಕಿ ಬಂದ ಸೆಟ್ಟನ್ನು ಶೆಡ್ಡಿನ ಮೊಳೆಗೆ ತೂಗುಹಾಕಬಹುದು.