ಗ್ರಾಮೀಣ ವಿದ್ಯಾರ್ಥಿಯ ಉಡುಪು: ಬೀದರ ಸೀಮೆಯನ್ನು ಕುರಿತ ಒಂದು ವಿಮರ್ಶೆ

ಉಡುಪಿನ ಚರಿತ್ರೆಯನ್ನು ಬರೆದವರ ದೃಷ್ಟಿ ಬಹುಮಟ್ಟಿಗೆ ಅರಮನೆ, ದೇವಾಲಯ, ರಣರಂಗ ಈ ಮೂರು ಎಡೆಗಳಲ್ಲಿಯೇ ನೆಲೆಗೊಂಡಿದೆ. ರಾಜನ ಕಿರೀಟವೂ ಮದನಿಕೆಯ ಮೇಖಲೆಯೂ ನಮಗೆ ಚೆನ್ನಾಗಿ ಪರಿಚಿತವಾಗಿವೆ. ಆದರೆ ಹಳ್ಳಿಯ ಪ್ರಾಥಮಿಕ ಶಾಲೆಗೆ ನಡೆದುಹೋಗುವ ಮಗು ಏನನ್ನು ತೊಟ್ಟು ಹೋಗುತ್ತಿತ್ತು, ಆ ಉಡುಪು ಅದಕ್ಕೆ ಎಲ್ಲಿಂದ ಬಂದಿತು, ಅದನ್ನು ತೊಟ್ಟುದರಿಂದ ಮಗುವಿಗೂ ಅದರ ಮನೆಗೂ ನಡುವಣ ಸಂಬಂಧದಲ್ಲಿ ಏನು ವ್ಯತ್ಯಾಸವಾಯಿತು ಎಂಬ ಪ್ರಶ್ನೆಗಳನ್ನು ನಮ್ಮ ವಿದ್ವಾಂಸರು ವಿರಳವಾಗಿ ಎತ್ತಿದ್ದಾರೆ. ಬೀದರ, ಭಾಲ್ಕಿ, ಔರಾದ ಈ ಮೂರು ಎಡೆಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸಮವಸ್ತ್ರವು ಸಮತೆಯನ್ನು ತರುತ್ತದೆ ಎಂದು ನಾವು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಇದರಿಂದ ಪರೀಕ್ಷಿಸಬಹುದು.

ಹೋಲಿಕೆಗಾಗಿ ಮೊದಲು ಹೊರನಾಡಿನ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ನಡುಗಾಲದವರೆಗೆ ಒಕ್ಕಲು ಮಕ್ಕಳ ನಿತ್ಯದ ಉಡುಪು 'ಓವರಾಲ್' ಎಂಬುದಾಗಿತ್ತು. ಎದೆಯನ್ನು ಮುಚ್ಚುವ ಒಂದು ಪಟ್ಟಿ, ಹೆಗಲ ಮೇಲಿಂದ ಇಳಿಯುವ ಎರಡು ಕಟ್ಟುಪಟ್ಟಿ, ಅನೇಕ ಜೇಬುಗಳು, ಇವೆಲ್ಲ ಒಂದೇ ಆಗಿ ಹೊಲಿದ ದಪ್ಪ ಹತ್ತಿಯ ಷರಾಯಿ ಅದು. ಲೀವೈ ಸ್ಟ್ರಾಸ್ ಮತ್ತು ಜೇಕಬ್ ಡೇವಿಸ್ ಎಂಬವರು ತಾಮ್ರದ ಮೊಳೆಯಿಂದ ಜೇಬಿನ ಮೂಲೆಗಳನ್ನು ಬಿಗಿಯುವ ವಿಧಾನಕ್ಕೆ 1873ರಲ್ಲಿ ಹಕ್ಕುಪತ್ರ ಪಡೆದ ಬಳಿಕ ದುಡಿಮೆಯ ಉಡುಪು ಹೆಚ್ಚು ಬಾಳಿಕೆಯುಳ್ಳದ್ದಾಯಿತು. ವಿಸ್ಕಾನ್ಸಿನ್ ಪ್ರಾಂತದ ಆಶ್ಕಾಶ್ ಪಟ್ಟಣದಲ್ಲಿ 1895ರಲ್ಲಿ ಆರಂಭವಾದ ಕಂಪೆನಿಯೊಂದು ಮುಂದೆ ತಂದೆಯ ಓವರಾಲನ್ನೇ ಸಣ್ಣ ಅಳತೆಯಲ್ಲಿ ಹೊಲಿದು ಮಗನಿಗೂ ಮಾರಿತು. ಮುಂಜಾನೆ ದನಗಳಿಗೆ ಮೇವು ಹಾಕಿದ ಹುಡುಗ ಅದೇ ಉಡುಪಿನಲ್ಲಿ ಒಂದು ಕೋಣೆಯ ಶಾಲೆಗೆ ಹೋಗಿ ಕುಳಿತುಕೊಳ್ಳಬಹುದಾಗಿತ್ತು. ಹುಡುಗ ಬೆಳೆದಂತೆ ಹೆಗಲ ಪಟ್ಟಿಯನ್ನು ಉದ್ದ ಮಾಡಿದರೆ ಸಾಕಾಗುತ್ತಿತ್ತು.

ಈ ಉಡುಪಿಗೆ ಇಂಗ್ಲಿಷಿನಲ್ಲಿರುವ ಇನ್ನೊಂದು ಹೆಸರು 'ಡಂಗರೀಸ್' ಎಂಬುದು. ಇದು 'ಡುಂಗರಿ' ಎಂಬ ನಮ್ಮ ದೇಶದ ಒರಟು ಹತ್ತಿ ಅರಿವೆಯ ಹೆಸರಿನಿಂದ ಹುಟ್ಟಿದುದು. ಆ ಹೆಸರನ್ನು ಮುಂಬಯಿಯ ಡೋಂಗ್ರಿ ಪ್ರದೇಶದೊಡನೆ ಸಂಬಂಧಿಸುವುದು ವಾಡಿಕೆ. ದಖ್ಖಣದ ಹತ್ತಿಯೂ ಮುಂಬಯಿಯ ಬಂದರೂ ಜಗತ್ತಿನ ದುಡಿಮೆಗಾರರಿಗೆ ಒಂದು ಹೆಸರನ್ನು ಕೊಟ್ಟವು. ಆದರೆ ಅಂಥ ದುಡಿಮೆಯ ಅರಿವೆ ನಮ್ಮ ಶಾಲೆಯ ಹೊಸ್ತಿಲನ್ನು ಮಾತ್ರ ದಾಟಲಿಲ್ಲ.

ಅಮೆರಿಕದ ಒಕ್ಕಲುಡುಪು ಎಂದೂ ಮಾನ್ಯವಾಗಿಯೇ ಇತ್ತು ಎಂದು ತಿಳಿಯುವುದು ತಪ್ಪಾಗುತ್ತದೆ. 1920ರಲ್ಲಿ ಬಟ್ಟೆಯ ಬೆಲೆಯೇರಿಕೆಯನ್ನು ಪ್ರತಿಭಟಿಸಲು ಪಟ್ಟಣಿಗರೇ ಓವರಾಲ್ ತೊಟ್ಟು ಸಂಘಗಳನ್ನು ಕಟ್ಟಿದರೆಂಬುದು ನಿಜ. ಮುಂದೆ ಮಹಾಕುಸಿತದ ವರ್ಷಗಳಲ್ಲಿ ಸರಕಾರದ ಛಾಯಾಗ್ರಾಹಕರು ತೆಗೆದ ಚಿತ್ರಗಳಲ್ಲಿ ಅದು ಬಡತನದ ಗುರುತಾಗಿ ನಿಂತಿತು. ಜೇಮ್ಸ್ ಏಜೀ ಮತ್ತು ವಾಕರ್ ಎವಾನ್ಸ್ ಅಲಬಾಮದ ಮೂರು ಗೇಣಿದಾರ ಕುಟುಂಬಗಳನ್ನು 1936ರಲ್ಲಿ ಕಂಡು 1941ರಲ್ಲಿ ಪ್ರಕಟಿಸಿದ ಗ್ರಂಥವು ಓವರಾಲಿನ ಹೊಲಿಗೆ, ತೇಪೆ, ಮಾಸಿದ ನೀಲಿಗಳನ್ನು ಬಹಳ ಗೌರವದಿಂದ ವರ್ಣಿಸುತ್ತದೆ. ಚಿಕ್ಕ ಶಾಲೆಗಳು ಒಂದುಗೂಡಿ ಹಳ್ಳಿಯ ಮಕ್ಕಳು ಪಟ್ಟಣದ ಮಕ್ಕಳ ಪಕ್ಕದಲ್ಲಿ ಕೂಡಬೇಕಾಗಿ ಬಂದಾಗ ಅದೇ ಉಡುಪು ನಾಚಿಕೆಗೆ ಕಾರಣವಾಯಿತು. 1960ರ ದಶಕದಲ್ಲಿ ಕರಿಯ ಜನರ ಹಕ್ಕಿಗಾಗಿ ಹೋರಾಡಿದ ವಿದ್ಯಾರ್ಥಿ ಕಾರ್ಯಕರ್ತರು ಗೇಣಿದಾರರೊಡನೆ ತಮ್ಮ ಐಕ್ಯವನ್ನು ತೋರಲು ಅದನ್ನೇ ಧರಿಸಿದರು. ಉಡುಪಿನ ಅರ್ಥವು ಅರಿವೆಯಲ್ಲಿಲ್ಲ, ನೋಡುವವನ ಮತ್ತು ತೊಡುವವನ ನಡುವಣ ಸಂಬಂಧದಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಇನ್ನು ನಮ್ಮ ಸೀಮೆಗೆ ಬರೋಣ. ಬೀದರ ನಗರಕ್ಕೆ ವಿದ್ಯೆ ಹೊಸದಲ್ಲ. ಮಹಮೂದ ಗವಾನನ ಮದರಸಾ 1472ರಷ್ಟು ಹಿಂದೆಯೇ ಪೂರ್ಣಗೊಂಡಿತು. ಆದರೆ ಹಳ್ಳಿಯ ಮಕ್ಕಳಿಗೆ ಶಾಲೆ ಎಂಬುದು ನಿಜಾಮರ ಆಳ್ವಿಕೆಯ ಕೊನೆಯ ದಶಕಗಳಲ್ಲಿ ಮೆಲ್ಲಗೆ ಬಂದುದು. ಉಸ್ಮಾನಿಯಾ ವಿಶ್ವವಿದ್ಯಾನಿಲಯವು 1918ರಲ್ಲಿ ಸ್ಥಾಪಿತವಾದ ಮೇಲೆ ಉರ್ದು ಉನ್ನತ ಶಿಕ್ಷಣದ ಮಾಧ್ಯಮವಾಯಿತು. ಶೇರವಾನಿ ಮತ್ತು ಟೊಪ್ಪಿಗೆ ವಿದ್ಯಾವಂತನ ಲಕ್ಷಣವೆನಿಸಿದವು. ಮನೆಯಲ್ಲಾದರೋ ತಂದೆಯದು ಧೋತರ, ಅಂಗಿ, ರುಮಾಲು, ಹೆಗಲ ಮೇಲೊಂದು ಕಂಬಳಿ. ಹುಡುಗನದು ಅಂಗಿ, ಚಡ್ಡಿ. ಹುಡುಗಿಯದು ಪರಕಾರ, ಪೋಲಕಾ. ಶಾಲೆಗೆ ಒಯ್ಯುವ ಪಾಟಿಚೀಲವನ್ನು ಹಳೆಯ ಬಟ್ಟೆಯಿಂದ ಹೊಲಿಯುತ್ತಿದ್ದರು. ವಿದ್ಯೆಯ ಮೆಟ್ಟಿಲನ್ನು ಏರಿದಷ್ಟೂ ಹುಡುಗನು ತಂದೆಯ ಉಡುಪಿನಿಂದ ದೂರವಾಗಬೇಕಾಗಿತ್ತು. ಓವರಾಲ್ ಹೊಲದಿಂದ ಶಾಲೆಗೆ ಬಂದ ಉಡುಪು. ಶೇರವಾನಿಯು ದರಬಾರು ಮತ್ತು ಕಚೇರಿಗಳಿಂದ ಶಾಲೆಗೆ ಇಳಿದ ಉಡುಪು. ಈ ಭೇದವೇ ನಮ್ಮ ವಿಚಾರದ ಮೂಲಸೂತ್ರ.

ಈ ಸಂದರ್ಭದಲ್ಲಿ ಭಾಲ್ಕಿ ಹಿರೇಮಠದ ಶ್ರೀ ಚನ್ನಬಸವ ಪಟ್ಟದ್ದೇವರ ಕಾರ್ಯವನ್ನು ಸ್ಮರಿಸುವುದು ಅವಶ್ಯ. 1999ರಲ್ಲಿ ಲಿಂಗೈಕ್ಯರಾದ ಅವರು ನಿಜಾಮರ ಕಾಲದಲ್ಲಿ ಶಾಲೆಯ ಹೊರಗೆ ಉರ್ದುವಿನ ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ವಿಷಯ ಈ ಭಾಗದಲ್ಲಿ ಮನೆಮಾತಾಗಿದೆ. ಇದನ್ನು ಸಾಮಾನ್ಯವಾಗಿ ಭಾಷೆಯ ಇತಿಹಾಸದಲ್ಲಿ ಹೇಳುತ್ತೇವೆ. ಉಡುಪಿನ ಇತಿಹಾಸಕ್ಕೂ ಅದು ಬೆಳಕು ಬೀರಬಲ್ಲುದು. ಆ ಶಾಲೆಗಳಲ್ಲಿ ಮನೆಯ ಮಾತು ಒಳಗೆ ಬರಲು ಹೊರಗೆ ಒಂದು ಮುಸುಕು ಬೇಕಾಯಿತು. ಆದರೆ ಮಾತನ್ನು ಗೋಡೆಯ ಮರೆಯಲ್ಲಿ ಕಾಪಾಡಬಹುದು, ಉಡುಪನ್ನು ಹಾಗೆ ಕಾಪಾಡಲಾಗದು. ಅದು ಬೀದಿಯಲ್ಲಿಯೇ ಕಾಣುತ್ತದೆ. ಆದುದರಿಂದ ಕನ್ನಡವು ಶಾಲೆಯೊಳಗೆ ಗೆದ್ದ ಬಳಿಕವೂ ಒಕ್ಕಲಿಗನ ಧೋತರ ರುಮಾಲುಗಳು ಅಲ್ಲಿ ಗೆಲ್ಲಲಿಲ್ಲ.

1948ರ ಸೆಪ್ಟೆಂಬರದಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. 1956ರ ನವೆಂಬರ 1ರಂದು ಬೀದರ, ಭಾಲ್ಕಿ, ಔರಾದಗಳು ಕನ್ನಡ ರಾಜ್ಯಕ್ಕೆ ಬಂದವು. ಅದೇ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರಗಳು ಅಂದಿನ ಮುಂಬಯಿ ರಾಜ್ಯಕ್ಕೆ ಹೋದವು. ಫಲಕದ ಭಾಷೆ ಬದಲಾಯಿತು. ಆದರೆ ಮುಂದಿನ ದಶಕಗಳಲ್ಲಿ ಸರಕಾರಿ ಶಾಲೆಗಳಲ್ಲಿ ನೆಲೆಯೂರಿದ ಬಿಳಿಯ ಅಂಗಿ, ಖಾಕಿ ಚಡ್ಡಿಗಳೂ ಹೊಲದಿಂದ ಬಂದವಲ್ಲ. ಖಾಕಿಯು ಸೈನ್ಯ ಮತ್ತು ಪೊಲೀಸು ಇಲಾಖೆಗಳಿಂದ ಬಂದುದು. 'ಖಾಕ್' ಎಂಬ ಪಾರಸಿಯ ಶಬ್ದಕ್ಕೆ ಮಣ್ಣು, ಧೂಳು ಎಂದರ್ಥ. ಬಿದರಿ ಕುಶಲಕರ್ಮಿಯು ಕೋಟೆಯ ಮಣ್ಣಿನಿಂದಲೇ ತನ್ನ ಪಾತ್ರೆಗೆ ಕಪ್ಪನ್ನು ತರಿಸುವ ಈ ಊರಿನಲ್ಲಿ, ಮಣ್ಣಿನ ಹೆಸರುಳ್ಳ ಅರಿವೆಯು ಮಣ್ಣಿನ ಕೆಲಸವನ್ನು ಬಿಡಿಸುವ ಉಡುಪಾಗಿ ಬಂದುದು ವಿಪರ್ಯಾಸವೆನ್ನಬೇಕು.

ಸಮವಸ್ತ್ರದಿಂದ ಲಾಭವಾಗಿಲ್ಲವೆಂದು ಯಾರೂ ಹೇಳಲಾರರು. ಗೌಡರ ಮಗನೂ ಕೂಲಿಯವನ ಮಗನೂ ಒಂದೇ ಬಣ್ಣದಲ್ಲಿ ಪ್ರಾರ್ಥನೆಗೆ ನಿಂತುದು ಅಲ್ಪ ಸಾಧನೆಯಲ್ಲ. ಕಲ್ಯಾಣದ ಶರಣರು ಹನ್ನೆರಡನೆಯ ಶತಮಾನದಲ್ಲಿ ಇದೇ ನೆಲದಲ್ಲಿ ಸಾರಿದ ಸಮತೆಗೆ ಅದು ಹತ್ತಿರದ ದೃಶ್ಯವೆನಿಸಬಹುದು. ಆದರೆ ಶರಣರ ಸಮತೆಯು ಕಾಯಕವನ್ನು ಮರೆಮಾಡಿದ ಸಮತೆಯಾಗಿರಲಿಲ್ಲ. ಸೂಜಿಕಾಯಕದ ರಾಮಿತಂದೆ, ಮಡಿವಾಳ ಮಾಚಿದೇವ ಇವರು ತಮ್ಮ ಕಾಯಕದ ಹೆಸರಿನೊಡನೆಯೇ ಸಮಾನರಾದರು. ನಮ್ಮ ಸಮವಸ್ತ್ರವು ಮಗುವಿನ ಮನೆಯ ದುಡಿಮೆಯನ್ನು ಮುಚ್ಚಿ ಸಮತೆಯನ್ನು ತರಲೆಳಸುತ್ತದೆ. ಮುಚ್ಚಿದುದು ಬಹಳ ದಿನ ಮುಚ್ಚಿರುವುದೂ ಇಲ್ಲ. ಬಣ್ಣ ಒಂದೇ ಆದರೂ ಅಂಗಿಯ ವಯಸ್ಸು ಬೇರೆ: ಒಬ್ಬನದು ಈ ವರ್ಷದ್ದು, ಇನ್ನೊಬ್ಬನದು ಅಣ್ಣನಿಂದ ಇಳಿದುಬಂದುದು, ಮತ್ತೊಬ್ಬನದಕ್ಕೆ ಗುಂಡಿಯ ಬದಲು ಪಿನ್ನು. ಭೇದವು ಬಣ್ಣವನ್ನು ಬಿಟ್ಟು ಹೊಲಿಗೆಗೆ ಸರಿಯಿತು.

ರಾಜ್ಯ ಸರಕಾರವು ವಿದ್ಯಾವಿಕಾಸ ಯೋಜನೆಯಲ್ಲಿ ಸಮವಸ್ತ್ರವನ್ನೂ ಪಠ್ಯಪುಸ್ತಕವನ್ನೂ ಉಚಿತವಾಗಿ ಕೊಡುತ್ತ ಬಂದಿದೆ. 2015–16ರಿಂದ ಬೂಟು, ಕಾಲುಚೀಲಗಳೂ ಸೇರಿದವು. ಈ ಯೋಜನೆಯು ನೇಕಾರರಿಗೂ ಕೆಲಸ ಕೊಟ್ಟಿತೆಂಬುದು ಶ್ಲಾಘನೀಯ. ಆದರೆ ಅರಿವೆಯನ್ನು ತುಂಡಾಗಿ ಕೊಟ್ಟ ವರ್ಷಗಳಲ್ಲಿ ಹೊಲಿಗೆಯ ಕೂಲಿ ಮನೆಯವರ ಪಾಲಿಗೆ ಬಂದಿತು. ಔರಾದದಂಥ ಮಳೆಯನ್ನೇ ನಂಬಿದ ಸೀಮೆಯಲ್ಲಿ ಶಾಲೆ ತೆರೆಯುವ ಜೂನ್ ತಿಂಗಳೆಂದರೆ ತೊಗರಿ, ಉದ್ದು, ಹೆಸರುಗಳ ಬೀಜಕ್ಕೆ ಹಣ ಹೊಂದಿಸುವ ಕಾಲ. ಹೊಲಕ್ಕೆ ಮೊದಲೋ ಹೊಲಿಗೆಗೆ ಮೊದಲೋ ಎಂಬ ಆಯ್ಕೆಯಲ್ಲಿ ಹೊಲಿಗೆ ಹಿಂದುಳಿಯುವುದು ಸಹಜ. ಆಗ ಸಮವಸ್ತ್ರವಿಲ್ಲದೆ ಬಂದ ಮಗುವನ್ನು ಹೊರಗೆ ನಿಲ್ಲಿಸುವ ಶಿಕ್ಷಕನು ಶಿಸ್ತನ್ನು ಕಾಪಾಡುತ್ತಿದ್ದೇನೆಂದು ಭಾವಿಸಿ, ಮಳೆಗಾಲದ ತಡವನ್ನು ಮಗುವಿನ ಅಪರಾಧವೆಂದು ಎಣಿಸುತ್ತಾನೆ. 1995ರ ರಾಜ್ಯ ನಿಯಮಗಳು ಒಮ್ಮೆ ಗೊತ್ತುಪಡಿಸಿದ ಸಮವಸ್ತ್ರವನ್ನು ಐದು ವರ್ಷ ಬದಲಿಸಬಾರದೆಂದೂ, ಬದಲಿಸುವುದಾದರೆ ತಂದೆತಾಯಿಗಳಿಗೆ ಒಂದು ವರ್ಷ ಮೊದಲು ತಿಳಿಸಬೇಕೆಂದೂ ವಿಧಿಸಿದುದರಲ್ಲಿ ಈ ಕಷ್ಟದ ಅರಿವು ಕಾಣುತ್ತದೆ. ಆ ಅರಿವು ತರಗತಿಯವರೆಗೆ ಇಳಿಯಬೇಕಾಗಿದೆ.

ಹುಡುಗಿಯರ ವಿಷಯವನ್ನು ಪ್ರತ್ಯೇಕವಾಗಿ ನೋಡಬೇಕು. ಅಮೆರಿಕದ ಹಳ್ಳಿಗಳಲ್ಲಿಯೂ ಶಾಲೆಯ ಓವರಾಲ್ ಮುಖ್ಯವಾಗಿ ಹುಡುಗರದು. ಹುಡುಗಿಯರಿಗೆ ತಾಯಂದಿರು ಹಿಟ್ಟು ಮತ್ತು ಮೇವಿನ ಚೀಲದ ಬಟ್ಟೆಯಿಂದ ಅಂಗಿ ಹೊಲಿದರು. ಅದನ್ನು ಕಂಡ ಗಿರಣಿಗಳು ಚೀಲಗಳ ಮೇಲೆ ಹೂವಿನ ಅಚ್ಚು ಹಾಕಿಸಿದವು. ನಮ್ಮಲ್ಲಿ ಪರಕಾರದಿಂದ ಸೀರೆಗೆ ಸರಿಯುವುದೆಂದರೆ ಬಾಲ್ಯದಿಂದ ಗೃಹಕೃತ್ಯಕ್ಕೆ ಸರಿಯುವುದು. ಎಷ್ಟೋ ವೇಳೆ ಶಾಲೆಯನ್ನು ಬಿಡುವುದೂ ಹೌದು. ಪ್ರೌಢಶಾಲೆಯ ಸಮವಸ್ತ್ರವಾಗಿ ಬಂದ ಚೂಡಿದಾರವು ಈ ಎರಡರ ನಡುವೆ ಮೂರನೆಯ ಅವಸ್ಥೆಯನ್ನು ನಿರ್ಮಿಸಿತು. ಅದನ್ನು ತೊಟ್ಟವಳು ಮಗುವೂ ಅಲ್ಲ, ಗೃಹಿಣಿಯೂ ಅಲ್ಲ, ಅವಳು ವಿದ್ಯಾರ್ಥಿನಿ. ಸಮವಸ್ತ್ರದ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ವಾದ ಇದೆಂದು ನನ್ನ ಅಭಿಪ್ರಾಯ. ಆದರೆ ಅದೇ ಉಡುಪು ಹುಡುಗಿಯನ್ನು ತರಗತಿಯಿಂದ ಹೊರಗಿಡುವ ಕಾರಣವೂ ಆಗಬಲ್ಲುದೆಂಬುದನ್ನು 2022ರಲ್ಲಿ ರಾಜ್ಯದಲ್ಲಿ ಎದ್ದ ವಿವಾದ ತೋರಿಸಿತು. ಆ ವರ್ಷದ ಅಕ್ಟೋಬರದಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಾಧೀಶರೂ ಅದರಲ್ಲಿ ಭಿನ್ನ ತೀರ್ಪುಗಳನ್ನಿತ್ತರು.

ಕೊನೆಯದಾಗಿ ಒಂದು ವಿಶೇಷವನ್ನು ಗಮನಿಸಬೇಕು. ಅಮೆರಿಕದಲ್ಲಿ ದುಡಿಮೆಯ ಉಡುಪು ಶಾಲೆಯ ಉಡುಪಾಯಿತು. ನಮ್ಮಲ್ಲಿ ಶಾಲೆಯ ಉಡುಪು ದುಡಿಮೆಯ ಉಡುಪಾಯಿತು. ರವಿವಾರ ದನ ಕಾಯುವ ಹುಡುಗನ ಮೈಮೇಲೆ ಸಮವಸ್ತ್ರವಿರುತ್ತದೆ. ಮದುವೆಯ ಪಂಕ್ತಿಯಲ್ಲಿಯೂ ಅದೇ ಇರುತ್ತದೆ. ಅವನಿಗೆ ಸಾಲದಾದ ಅಂಗಿ ತಮ್ಮನಿಗೋ ಹೊಲದ ಕೆಲಸಕ್ಕೋ ಸಲ್ಲುತ್ತದೆ. ಇದನ್ನು ಶಿಸ್ತಿನ ಭಂಗವೆಂದು ಎಣಿಸುವವರಿದ್ದಾರೆ. ಅದಕ್ಕಿಂತ, ಮೇಲಿನಿಂದ ಬಂದ ಉಡುಪನ್ನು ಹಳ್ಳಿಯು ತನ್ನ ಅಗತ್ಯಕ್ಕೆ ತಕ್ಕಂತೆ ತನ್ನದಾಗಿ ಮಾಡಿಕೊಂಡ ಕ್ರಮವೆಂದು ತಿಳಿಯುವುದು ಯುಕ್ತ. ಓವರಾಲಿಗೆ ಚಿತ್ರಗಾರರೂ ಲೇಖಕರೂ ದೊರೆತರು. ಖಾಕಿ ಚಡ್ಡಿಗೂ ಪರಕಾರಕ್ಕೂ ಇನ್ನೂ ದೊರೆಯಬೇಕಾಗಿದೆ. ಶಾಲೆಯ ಗುಂಪುಚಿತ್ರಗಳು, ಹಳ್ಳಿಯ ದರ್ಜಿಗಳ ನೆನಪು, ಬೀದರ ಸೀಮೆಯ ಕನ್ನಡ, ಮರಾಠಿ, ಉರ್ದುಗಳು ಕೂಡಿದ ಉಡುಪಿನ ಶಬ್ದಗಳು ನಮ್ಮ ಕೈಗೆಟುಕುವ ಸಾಮಗ್ರಿಯೇ ಆಗಿವೆ. ಹಳ್ಳಿಗಳಿಂದ ಬರುವ ನಮ್ಮ ವಿದ್ಯಾರ್ಥಿಗಳೇ ಈ ಸಂಗ್ರಹಕಾರ್ಯಕ್ಕೆ ಅತ್ಯಂತ ಅರ್ಹರು. ಆ ಕೆಲಸ ನಡೆಯುವವರೆಗೆ, ಮಗುವಿನ ಅಂಗಿಯನ್ನು ನೋಡಿ ಅದರ ಯೋಗ್ಯತೆಯನ್ನು ನಿರ್ಣಯಿಸುವ ಅಧಿಕಾರ ಯಾವ ಅಧ್ಯಾಪಕನಿಗೂ ಇಲ್ಲವೆಂಬಷ್ಟನ್ನಾದರೂ ನಾವು ಒಪ್ಪಬೇಕು.