‘ಚಂದ್ರಗಿರಿಯ ತೀರದಲ್ಲಿ’: ವಿದ್ಯೆಯ ಪ್ರಶ್ನೆ

ಶ್ರೀಮತಿ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯು ೧೯೮೧ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದಂದಿನಿಂದಲೂ ವಾಚಕರು ಅದನ್ನು ತಲಾಖಿನ ಕಥೆಯೆಂದೇ ಓದುತ್ತ ಬಂದಿದ್ದಾರೆ. ಅದು ತಪ್ಪಲ್ಲ; ಆದರೆ ಅಷ್ಟೇ ಸಾಲದು. ಧರ್ಮದ ಕಟ್ಟಳೆಗೆ ತಲೆಬಾಗತಕ್ಕವಳಿಗೆ ಅದರ ಅರ್ಥವನ್ನು ಕೇಳುವಷ್ಟು ವಿದ್ಯೆ ಏಕಿಲ್ಲವೆಂಬ ಪ್ರಶ್ನೆಯು ಕೃತಿಯ ತಳದಲ್ಲಿದೆ.

ತಂದೆ ಮಹಮ್ಮದ್ ಖಾನನ ಹಟದಿಂದ ನಾದಿರಾಳ ದಾಂಪತ್ಯ ಮುರಿಯುತ್ತದೆ. ಗಂಡ ರಶೀದನನ್ನು ಮರಳಿ ಸೇರಬೇಕಾದರೆ ಅವಳು ಅನ್ಯನೊಬ್ಬನನ್ನು ವರಿಸಿ, ಒಂದು ರಾತ್ರಿ ಅವನೊಡನಿದ್ದು, ಅವನಿಂದ ಬಿಡುಗಡೆ ಪಡೆಯತಕ್ಕದ್ದು. ನಾದಿರಾ ಮಸೀದಿಯ ಕೊಳವನ್ನು ಆರಿಸಿಕೊಳ್ಳುತ್ತಾಳೆ. ಗ್ರಂಥವನ್ನು ತೆರೆದು ‘ಇದು ಹೀಗೆಯೇ ಇರುವುದೆ?’ ಎಂದು ವಾದಿಸಬಲ್ಲ ಹೆಣ್ಣು ಆ ಮನೆಯಲ್ಲಿ ಒಬ್ಬಳೂ ಇಲ್ಲ. ಮಿಕ್ಕೆಲ್ಲ ದುಃಖಕ್ಕಿಂತ ಈ ಮೌನವೇ ಭಯಂಕರವಾದುದು.

ಗ್ರಂಥಕರ್ತ್ರಿಯ ಬಾಳು ಬೇರೆ ದಾರಿಯದು. ೧೯೩೬ರಲ್ಲಿ ಕಾಸರಗೋಡಿನಲ್ಲಿ ಜನಿಸಿದ ಅವರನ್ನು ವಕೀಲರಾಗಿದ್ದ ತಂದೆ ಕನ್ನಡ ಶಾಲೆಗೆ ಕಳುಹಿಸಿದರು. ಅಲ್ಲಿಯ ಮುಸಲ್ಮಾನ ಸಮಾಜದಲ್ಲಿ ಶಾಲೆಯ ಓದನ್ನು ಮುಗಿಸಿದ ಮೊದಲ ಹೆಣ್ಣುಮಕ್ಕಳಲ್ಲಿ ಅವರೊಬ್ಬರು. ಅಂಥ ತಂದೆಯೊಬ್ಬನನ್ನು ಖಾನನಿಗೆ ಸರಿಸಮನಾಗಿ ಎದುರು ನಿಲ್ಲಿಸದೆ ಹೋದದ್ದು ಕಾದಂಬರಿಯ ನ್ಯೂನತೆ. ಖಾನನ ಕ್ರೌರ್ಯವು ಏಕಮುಖವಾಗಿ, ಸಮಾಜದ ದೋಷವು ಒಬ್ಬನ ಸ್ವಭಾವದ ದೋಷವಾಗಿ ಕಾಣುವ ಅಪಾಯವುಂಟು.

ಇದೇ ಪ್ರಶ್ನೆಗೆ ರಾಜ್ಯಗಳು ಕೊಟ್ಟ ಉತ್ತರಗಳೇ ಬೇರೆ. ಭಾರತ ಸಂವಿಧಾನದ ೨೮ನೆಯ ವಿಧಿಯು ಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧರ್ಮಬೋಧೆಯನ್ನು ನಿಷೇಧಿಸುತ್ತದೆ. ಕಾಸರಗೋಡಿಗೂ ಮಲ್ಲಂದೂರಿನ ಕಾಫಿಸೀಮೆಗೂ ಅದೊಂದೇ ಕಟ್ಟು. ಧರ್ಮದ ಪಾಠ ಮನೆಗೆ, ಮಠಕ್ಕೆ, ಮದ್ರಸಕ್ಕೆ ಉಳಿಯಿತು. ಮುಸಲ್ಮಾನರೇ ಬಹುಸಂಖ್ಯಾತರಾದ ತುರ್ಕಿಯು ೧೯೨೪ರಲ್ಲಿ ಮದ್ರಸಗಳನ್ನು ಮುಚ್ಚಿತು. ೧೯೮೨ರ ಸಂವಿಧಾನದಲ್ಲಿ ಸರಕಾರವೇ ಧರ್ಮಪಾಠವನ್ನು ಕಡ್ಡಾಯ ಮಾಡಿತು. ಹೊರಗಿಟ್ಟರೆ ಅರ್ಥ ಹೇಳುವವನು ಮನೆಯ ಹಿರಿಯ; ಒಳಗೆ ತಂದರೆ ಸರಕಾರದ ಉಪಾಧ್ಯಾಯ. ನಾದಿರಾ ತಾನೇ ಓದಿಕೊಳ್ಳುವ ಮಾತು ಎರಡರಲ್ಲಿಯೂ ತಾನಾಗಿ ಬರುವುದಿಲ್ಲ. ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದೇ ಉಸಿರಿನ ತ್ರಿವಳಿ ತಲಾಖನ್ನು ಅಸಿಂಧುಗೊಳಿಸಿತು. ಅವಳನ್ನು ಕೊಳಕ್ಕೆ ನೂಕಿದ ಮರುಮದುವೆಯ ಕಟ್ಟಳೆಯನ್ನು ಆ ತೀರ್ಪು ಮುಟ್ಟಲಿಲ್ಲ.

ಶೈಲಿಯು ಸರಳ, ಕೆಲವೆಡೆ ವರದಿಯಂತೆ ಒಣಗಿದ್ದೂ ಉಂಟು. ಅಲಂಕಾರವನ್ನು ಬಯಸುವ ರಸಿಕರಿಗೆ ಇದು ರುಚಿಸದಿರಬಹುದು. ಆದರೆ ಮನೆಮಾತು ಮಲಯಾಳವಾಗಿದ್ದವರು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಮನೆಯೊಳಗಿನ ಮಾತನ್ನು ಬರೆದರೆಂಬುದನ್ನು ವಿಮರ್ಶಕರು ಮರೆಯತಕ್ಕದ್ದಲ್ಲ.